ಮಹಡಿ ಮೇಲಿನ ಸ್ಪ್ಯಾನಿಶ್

ಜೂನ್ 9, 2025. ಸೋಮವಾರ. ಏರ್‌ಪೋರ್ಟ್ ಪಾರ್ಕಿಂಗ್, ಬೆಳಗ್ಗೆ

ಟ್ಯಾಕ್ಸಿ ಕ್ಯೂ ಉದ್ದ ಇದೆ. ಮುಂದೆ ನಜೀಬುಲ್ಲಾನ ಗಾಡಿ. ಸೀಟು ಚಾಚಿ ಮಲಗಿದ್ದಾನೆ. ಗ್ಲಾಸ್ ಏರಿಸಿ, ಇಯರ್‌ಫೋನ್ ಹಾಕಿಕೊಂಡು ಇವತ್ತಿನ ಸ್ಪ್ಯಾನಿಶ್ ಪಾಠ ಮುಗಿಸಿದೆ. ಆಪ್‌ನವಳು ಹೇಳುತ್ತಾಳೆ, ನಾನು ತಿರುಗಿ ಹೇಳಬೇಕು. ಬೆಬೊ ಆಗ್ವಾ. ನೀರು ಕುಡಿಯುತ್ತೇನೆ. ನಲವತ್ತು ದಾಟಿದ ಮೇಲೆ ನೀರು ಕುಡಿಯುವುದನ್ನು ಕಲಿಯುತ್ತಿದ್ದೇನೆ.

ಹೆಂಡತಿ ರಂಜಿತಳಿಗೆ ಗೊತ್ತಿಲ್ಲ. ಗೊತ್ತಾಗಬಾರದು.

ಅವಳು ಈ ಭಾಷೆ ಕಲಿತದ್ದು ಕೆಲಸಕ್ಕೆ. ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿನಲ್ಲಿ ಮೊದಲು ಟೈಲರ್, ಈಗ ಸ್ಯಾಂಪಲ್ ಸೆಕ್ಷನ್ ಇನ್‌ಚಾರ್ಜ್. ಬಟ್ಟೆ ಸ್ಪೇನ್‌ಗೆ ಹೋಗುತ್ತದೆ. ಅಲ್ಲಿ ಬಟ್ಟೆಯ ಅಳತೆ ನಕ್ಷೆ ಮಾಡುವ ಪ್ಯಾಟರ್ನ್ ಮಾಸ್ಟರ್ ಗೊನ್ಸಾಲೊ. ಇಂಗ್ಲಿಷ್ ಅವನಿಗೂ ಅಷ್ಟಕ್ಕಷ್ಟೆ, ಇವಳಿಗೂ ಅಷ್ಟಕ್ಕಷ್ಟೆ. ಹೋದ ವರ್ಷ ಫ್ಯಾಕ್ಟರಿಗೆ ಬಂದಿದ್ದ. ಗ್ರೂಪ್ ಫೋಟೊ ನೋಡಿದ್ದೇನೆ. ಗಡ್ಡ ಬೆಳ್ಳಗಾಗಿದೆ. ಆದರೂ ಹೀರೊ ಹಾಗಿದ್ದಾನೆ. ಅವನು ಹೋದ ಮೇಲೆ ಇವಳು ಫೋನಿನಲ್ಲಿ ಕಲಿಯಲು ಶುರು ಮಾಡಿದಳು. ಈಗ ಪಟಪಟ.

ನಾನು ಕಲಿಯುತ್ತಿರುವುದು ಅವರಿಬ್ಬರು ಏನು ಮಾತಾಡುತ್ತಾರೆ ಎಂದು ತಿಳಿಯಲು. ಬೇರೆ ಕಾರಣ ಬರೆದರೆ ಸುಳ್ಳು. ಇಲ್ಲಿ ಸುಳ್ಳು ಯಾಕೆ, ಓದುವವರೇ ಇಲ್ಲ.

ಜೂನ್ 12

ಸಂಜೆ ಏಳಕ್ಕೆ ಫೋನ್ ಹಿಡಿದು ಮಹಡಿಗೆ ಹೋದಳು. ಒಣಗಿದ ಬಟ್ಟೆ ತೆಗೆಯುವ ನೆಪ. ನಾನು ಮೆಟ್ಟಿಲ ಮೇಲೆ ಕೂತು ಶೂ ಪಾಲಿಶ್ ಮಾಡಿದೆ. ನನ್ನದೂ ನೆಪವೇ.

ನಗುತ್ತಾಳೆ. ಬಾಯ್ತುಂಬ. ಕೈ ಆಡಿಸಿ ಮಾತಾಡುತ್ತಾಳೆ, ನೆರಳು ಗೋಡೆ ಮೇಲೆ ಕಾಣುತ್ತದೆ. ನನ್ನ ಜೊತೆ — ಹೂಂ, ಊಹೂಂ, ಗ್ಯಾಸ್ ಬುಕ್ ಮಾಡಿ. ಅಷ್ಟೆ.

ಒಂದು ಪದ ಹಿಡಿದೆ. ಪೆರ್ರೊ. ನಾಯಿ. ಶುರುವಿನ ಪಾಠದಲ್ಲೇ ಬಂದಿತ್ತು. ಮತ್ತೆ ಮತ್ತೆ ಅಂದಳು. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಹಾಗಾದರೆ ಯಾರು?

ಊಟ ಬೇಡ ಅಂದೆ. "ಸರಿ" ಅಂದಳು. ತಟ್ಟೆ ಎತ್ತಿಟ್ಟಳು.

ಜೂನ್ 14. ಪಾರ್ಕಿಂಗ್

ಅವಳು ಅಂದದ್ದು ಪೆರೊ. ಒಂದೇ ರ. ಅಂದರೆ 'ಆದರೆ'. ನಾಯಿ ಅನ್ನಲು ನಾಲಿಗೆ ಗಡಗಡ ಅದುರಬೇಕಂತೆ.

ಒಂದು ರ ಜಾಸ್ತಿ ಕೇಳಿಸಿಕೊಂಡು ಎರಡು ದಿನ ಹೆಂಡತಿ ಮೇಲೆ ಮುನಿಸಿಕೊಂಡಿದ್ದೆ.

ನಜೀಬುಲ್ಲಾ ಗ್ಲಾಸ್ ತಟ್ಟಿದ. "ಏನ್ ಗುರು, ಒಬ್ನೇ ನಗ್ತಿದೀಯ?"

"ಏನಿಲ್ಲ ಕಣೋ."

ಗಂಡನಿಗೆ ಮರೀದೊ ಅನ್ನುತ್ತಾರೆ. ಕುರಿಮರಿಯನ್ನು ಕರೆದ ಹಾಗಿದೆ. ಇನ್ನು ಆ ಪದಕ್ಕೆ ಕಿವಿ ಇಟ್ಟಿರಬೇಕು.

ಜುಲೈ 2

ಇವತ್ತು ಒಂದು ಚಂದದ ಪಾಠ. ಇಂಗ್ಲಿಷಿನಲ್ಲಿ ಐ ಲೈಕ್ ಕಾಫಿ. ಸ್ಪ್ಯಾನಿಶಿನಲ್ಲಿ ಮೆ ಗುಸ್ತಾ ಎಲ್ ಕಫೆ. ನನಗೆ ಇಷ್ಟ, ಕಾಫಿ. ನಮ್ಮ ಹಾಗೇ! ತಲೆನೋವೂ ಹಾಗೇ — ನನಗೆ ನೋಯುತ್ತದೆ. 'ನಾನು' ಅಂತ ಬೇರೆ ಹೇಳಬೇಕಾಗಿಯೂ ಇಲ್ಲ. ಬರ್ತೀನಿ ಅಂದರೆ ಸಾಕಲ್ಲ, ಹಾಗೆ. ಪದದ ಬಾಲದಲ್ಲೇ ಮನುಷ್ಯ ಕೂತಿರುತ್ತಾನೆ.

ತೂಬಗೆರೆ ಸ್ಕೂಲಿನಲ್ಲಿ ಇಂಗ್ಲಿಷಿಗೆ ಏಟು ತಿಂದವನು ನಾನು. ಇದು ತಾನಾಗಿ ಒಳಗೆ ಇಳಿಯುತ್ತಿದೆ. ಯಾರಿಗಾದರೂ ಹೇಳಬೇಕು ಅನಿಸಿತು. ಯಾರಿಗೋ ಅಲ್ಲ, ರಂಜಿತಳಿಗೇ. ಅವಳಿಗೊಬ್ಬಳಿಗೇ ಇದು ಅರ್ಥ ಆಗುವುದು... ದರಿದ್ರ.

ಜುಲೈ 20. ಭಾನುವಾರ

ಮಗಳು ದಿವ್ಯ ಒಂಬತ್ತನೇ ಕ್ಲಾಸು. ಕಣ್ಣು ಚುರುಕು.

"ಅಪ್ಪಾ, ಅಮ್ಮ ಬಂದ ತಕ್ಷಣ ಇಯರ್‌ಫೋನ್ ಕಿತ್ತಾಕ್ತೀಯಲ್ಲ, ಯಾಕೆ?"

"ಕಸ್ಟಮರ್ ಕಾಲ್ ಕಣೆ."

"ಕಸ್ಟಮರ್‌ಗೆ ಬ್ವೆನಸ್ ತಾರ್ದೆಸ್ ಅಂತೀಯಾ?"

ಸ್ಪ್ಯಾನಿಶಿನ ನಮಸ್ಕಾರ. ಸಿಕ್ಕಿಬಿದ್ದೆ. ಅಮ್ಮನಿಗೆ ಹೇಳಬೇಡ ಅಂದೆ. "ಸರ್‌ಪ್ರೈಸಾ?" ಅಂದಳು. ಹೂಂ ಅಂದೆ. ಮಗುವಿನ ಮುಖ ಅರಳಿತು. ಅಪ್ಪ ಅಮ್ಮನಿಗೋಸ್ಕರ ಕಲಿಯುತ್ತಿದ್ದಾನೆ ಅಂದುಕೊಂಡಿದೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಗಸ್ಟ್ 28

ಮೆಟ್ಟಿಲು. ಈಗ ಅರ್ಧಕ್ಕರ್ಧ ತಿಳಿಯುತ್ತದೆ. ಕಾಲರ್, ತೋಳು, ಸೆಂಟಿಮೀಟರ್ — ಬರೀ ಬಟ್ಟೆ ಮಾತು. ಬೇಜಾರಾಗಿ ಏಳಬೇಕು ಅಂತಿದ್ದೆ.

ಆಗ ಸ್ಪೀಕರಿನಲ್ಲಿ ಗೊನ್ಸಾಲೊ ಏನೋ ಕೇಳಿದ. ಸೆಯಿಸ್ ಮೆಸೆಸ್. ಆರು ತಿಂಗಳು. ಅಲಿಕಾಂತೆ — ಅವನ ಊರು. ಅಲ್ಲಿನ ಪ್ಯಾಟರ್ನ್ ರೂಮಿಗೆ ಇವಳನ್ನು ಕರೆಯುತ್ತಿದ್ದಾನೆ. ಕಂಪನಿ ಲೆಕ್ಕದಲ್ಲಿ ಟ್ರೇನಿಂಗ್. ಸೆಪ್ಟೆಂಬರ್ ಕೊನೆಗೆ ಉತ್ತರ ಬೇಕು.

ಆಗಲ್ಲ ಅಂದಳು. ಯಾಕೆ ಅಂದ. ಮಿ ಮರೀದೊ ಅಂದಳು. ಮೈಯೆಲ್ಲ ಕಿವಿಯಾಯಿತು.

"ತೆಂಗೊ ಮಿಯೆದೊ ದೆ ಸು ಸಿಲೆನ್ಸಿಯೊ."

ನಿಧಾನವಾಗಿ ಅಂದಳು. ಸಿಲೆನ್ಸಿಯೊ ಗೊತ್ತಾಯಿತು. ಮೌನ. ಮಿಯೆದೊ ಗೊತ್ತಿಲ್ಲ. ಅವಳು ಕೆಳಗೆ ಬರುವ ಸದ್ದು. ಶೂ ಬ್ರಶ್ ತೆಗೆದುಕೊಂಡೆ.

ಆಗಸ್ಟ್ 29. ಟೋಲ್ ದಾಟಿ, ರೋಡ್ ಪಕ್ಕ

ಮಿಯೆದೊ ಅಂದರೆ ಭಯ.

ಅವರ ಮೌನಕ್ಕೆ ನನಗೆ ಭಯ.

ಅವರು ಅಂದರೆ ನಾನು. ಹಿಂದಿನ ಸೀಟಿನ ಕಸ್ಟಮರ್ "ಏನ್ರೀ, ಟರ್ನ್ ಮಿಸ್ ಮಾಡ್ಬಿಟ್ರಲ್ಲ" ಅಂದರು. ಸಾರಿ ಅಂದೆ.

ತಿರುಪ್ಪೂರಿಗೆ ಒಂದು ವಾರದ ಟ್ರೇನಿಂಗಿಗೆ ಹೋಗಿದ್ದಳು, ಎರಡು ವರ್ಷದ ಹಿಂದೆ. ವಾಪಸ್ ಬಂದ ಮೇಲೆ ನಾನು ಮಾತು ಬಿಟ್ಟೆ. ಬಹಳ ದಿನ. ಬೈದಿಲ್ಲ, ಕೈ ಎತ್ತಿಲ್ಲ. ನಾನು ಒಳ್ಳೆ ಗಂಡ ಅಂದುಕೊಂಡಿದ್ದೆ.

ಆ ಮಾತಿಗಿಂತ ಉರಿಯುತ್ತಿರುವುದು ಇನ್ನೊಂದು. ಅದನ್ನು ಅವನಿಗೆ ಹೇಳಿದಳಲ್ಲ. ಇಷ್ಟು ವರ್ಷದಲ್ಲಿ ನನಗೆ ಹೇಳದ್ದನ್ನು ಯಾವನೋ ಗಡ್ಡದವನಿಗೆ! ಆ ಭಾಷೆಯಲ್ಲಿ ಅವಳಿಗೆ ಪದ ಕಡಿಮೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ನೆಟ್ಟಗೆ ಬಂದುಬಿಡುತ್ತದೆ. ಕನ್ನಡದಲ್ಲಿ ನಮಗಿಬ್ಬರಿಗೂ ಪದ ಜಾಸ್ತಿ. ಸುತ್ತುತ್ತಲೇ ಇದ್ದೇವೆ.

ಸೆಪ್ಟೆಂಬರ್ 6

ಯೋಚನೆ ಮಾಡಿದೆ. ನಾನೇನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು, ತಿಂಗಳು ಮುಗಿಯುತ್ತದೆ, ಅವಳು ಹೋಗುವುದಿಲ್ಲ. ಸುಮ್ಮನಿರುವುದರಲ್ಲಿ ನಾನು ಪಳಗಿದವನು.

ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಆಮೇಲೆ ಬೆಳಗ್ಗೆ ಚಿತ್ರಾನ್ನ ಬಡಿಸುವಾಗ ಅವಳು ನನ್ನ ಮುಖ ನೋಡಿದ್ದು ಕಂಡಿತು. ಮೋಡ ನೋಡುವ ಹಾಗೆ. ಬಟ್ಟೆ ಒಣಹಾಕಲೋ ಬೇಡವೋ ಎಂದು ನೋಡುತ್ತಾರಲ್ಲ, ಹಾಗೆ. ದಿನಾ ಹೀಗೇ ನೋಡುತ್ತಿದ್ದಳಾ?

ಸೆಪ್ಟೆಂಬರ್ 19

ಹೋಗಿ ಬಾ ಎಂದು ಹೇಳಿಬಿಡಬೇಕು ಅಂತ ಮನೆಗೆ ಬಂದೆ. ಮಹಡಿಯಲ್ಲಿ ಫೋನು. ಅವಳು ಮಾಡಿದ ಕಾಲರ್ ಪಾಸ್ ಆಗಿದೆ. ಅವನು ಆರ್ತಿಸ್ತಾ ಅಂದ. ಕಲಾವಿದೆ. ಇವಳು ನಕ್ಕದ್ದು ಬೀದಿಗೆ ಕೇಳಿಸಿತು.

ಆರು ತಿಂಗಳು. ಅವನ ಪಕ್ಕದ ಟೇಬಲ್ಲಿನಲ್ಲಿ. ದಿನಾ ಆ ನಗು.

ಹೇಳಲಿಲ್ಲ. ಸಾಯಲಿ.

ಸೆಪ್ಟೆಂಬರ್ 26. ಶುಕ್ರವಾರ

ಹೇಳಿದೆ. ಹಾಳು ಮಾಡಿಕೊಂಡೆ.

ಕನ್ನಡದಲ್ಲಿ ಶುರು ಮಾಡಿದರೆ ನನ್ನ ಬಾಯಿ ಕೊಂಕು ಆಡುತ್ತದೆ, ಗೊತ್ತು. ಅದಕ್ಕೆ ಸ್ಪ್ಯಾನಿಶಿನಲ್ಲೇ ಅಂದುಕೊಂಡೆ. ಫೋನಿನಲ್ಲಿ 'ಹೊರಡು' ಅಂತ ಟೈಪ್ ಮಾಡಿದೆ. ವೆತೆ ಅಂತ ಬಂತು. ಸ್ಪೇನ್‌ಗೆ ಎಸ್ಪಾನ್ಯಾ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ದಿವ್ಯ ಟ್ಯೂಶನ್‌ಗೆ ಹೋಗಿದ್ದಳು. ರಂಜಿತ ಚಪಾತಿ ಲಟ್ಟಿಸುತ್ತಿದ್ದಳು. ಬಾಗಿಲಲ್ಲಿ ನಿಂತು "ವೆತೆ" ಅಂದೆ.

ಲಟ್ಟಣಿಗೆ ನಿಂತಿತು. "ಏನಂದ್ರಿ?"

"ವೆತೆ. ಎಸ್ಪಾನ್ಯಾಗೆ."

ಮುಖ ಬಿಳಿಚಿಕೊಂಡಿತು. "ತೊಲಗು ಅಂತಿದೀರಾ ನನ್ನ?"

"ಅಯ್ಯೋ ಇಲ್ಲ ಕಣೆ. ಹೋಗಿ ಬಾ ಅಂತ..."

"ಅದು ಹೋಗಿ ಬಾ ಅಲ್ಲ. ಅದು ಆಚೆಗ್ ನಡಿ ಅನ್ನೋದು."

ಆಮೇಲೆ ಅವಳಿಗೆ ಹೊಳೆಯಿತು. ಹೊಳೆದದ್ದು ನನಗೆ ಕಾಣಿಸಿತು. ಕಣ್ಣು ನನ್ನ ಮುಖದಿಂದ ಮೆಟ್ಟಿಲ ಕಡೆಗೆ ಹೋಯಿತು, ವಾಪಸ್ ಬಂತು.

"ಎಷ್ಟು ದಿನದಿಂದ ಅರ್ಥ ಆಗ್ತಿದೆ ನಿಮ್ಗೆ?"

ಬಾಗಿಲ ಬಳಿಯ ಶೂ ಕಡೆ ನೋಡಿದೆ.

"ದಿನಾ ಶೂ ಪಾಲಿಶ್ ಮಾಡ್ತಿದ್ರಲ್ಲ. ನಾನು ಎಂಥ ಪೆದ್ದಿ! ಈ ಮನೇಲಿ ನಂದು ಅಂತ ಇದ್ದಿದ್ದು ಅದೊಂದೇ ಕಣ್ರೀ. ಅದ್ರೊಳ್ಗೂ ಬಂದ್ಬಿಟ್ರಾ? ಯಾಕ್ ಕಲಿತ್ರಿ? ಹೇಳಿ, ಯಾಕೆ?"

ಹೊಟ್ಟೆಕಿಚ್ಚು ಅಂತ ಹೆಂಡತಿ ಮುಂದೆ ಹೇಗೆ ಹೇಳುವುದು? "ಸೆಲೋಸ್" ಅಂದೆ. ಅಲ್ಲಿ ಹೊಟ್ಟೆಕಿಚ್ಚಿಗೆ ಅದೇ ಪದ. ಎಷ್ಟು ಸಣ್ಣದು.

ನೋಡುತ್ತ ನಿಂತಳು. ಹೆಂಚಿನ ಮೇಲೆ ಚಪಾತಿ ಕರಿಯಾಯಿತು. ಸ್ಟವ್ ಆರಿಸಿ ಮಹಡಿಗೆ ಹೋದಳು. ಫೋನ್ ಕೆಳಗೇ ಇತ್ತು.

ಸೆಪ್ಟೆಂಬರ್ 29

ಮಾತಾಡುತ್ತಿಲ್ಲ. ಅಡುಗೆ ಇದೆ, ಇಸ್ತ್ರಿ ಇದೆ, ಮಾತಿಲ್ಲ. ತಟ್ಟೆ ಇಟ್ಟ ಸದ್ದು ಜೋರಾಗಿತ್ತೋ ಮೆಲ್ಲಗಿತ್ತೋ ಎಂದು ಲೆಕ್ಕ ಹಾಕುತ್ತಿದ್ದೇನೆ. ಬಾಗಿಲು ಹಾಕಿದ್ದು ಸಿಟ್ಟಿಗೋ ಗಾಳಿಗೋ. ದಿವ್ಯ ಇಬ್ಬರ ಮುಖವನ್ನೂ ನೋಡಿ ಬೇಗ ಬೇಗ ತಿಂದು ಎದ್ದಳು.

ಹೀಗಿರುತ್ತದಾ? ಇಷ್ಟು ವರ್ಷ ಹೀಗೇ ಇತ್ತಾ ಅವಳಿಗೆ?

ಸೆಪ್ಟೆಂಬರ್ 30

ಗಾಡಿ ತೊಳೆಯುತ್ತಿದ್ದೆ. ಕೆಲಸಕ್ಕೆ ಹೊರಟವಳು ಗೇಟಿನಲ್ಲಿ ನಿಂತಳು.

"ಮೇಲ್ ಹಾಕ್ದೆ. ಬರ್ತೀನಿ ಅಂತ."

ಪೈಪು ಹಿಡಿದೇ ಇದ್ದೆ.

"ನಿಮ್ಮನ್ನ ಕೇಳ್ತಿಲ್ಲ. ಹೇಳ್ತಿದೀನಿ."

ಬಾಯಿ ತಾನಾಗಿ ಮುಚ್ಚಿಕೊಂಡಿತು. ಹಳೇ ಅಭ್ಯಾಸ. ಬಲವಂತವಾಗಿ ತೆರೆದೆ. "ಯಾವಾಗ ಹೊರಡ್ಬೇಕು?"

"ಜನವರಿ."

"ಅಲ್ಲಿ ಚಳೀನಾ?"

"ಇಲ್ಲಿಗಿಂತ ಜಾಸ್ತಿ ಅಂತೆ."

"ಅವನ ಜೊತೇನೇ ಕೆಲ್ಸಾನಾ?" ಅದೂ ಬಂದುಬಿಟ್ಟಿತು.

"ಹೂಂ. ಅವ್ರ ಜೊತೇನೇ." ಕಣ್ಣು ತಪ್ಪಿಸಲಿಲ್ಲ. ಸ್ವಲ್ಪ ಹೊತ್ತು ನಿಂತಳು, ಇನ್ನೇನಾದರೂ ಕೇಳುತ್ತೇನೋ ಎಂದು. ಆಮೇಲೆ ಹೋದಳು. ನೀರು ಹರಿದು ರೋಡಿಗೆ ಹೋಗಿತ್ತು.

ಜನವರಿ 28, 2026. ಬುಧವಾರ. ಪಾರ್ಕಿಂಗ್, ಮಧ್ಯಾಹ್ನ

ಬಹಳ ದಿನ ಬರೆದಿಲ್ಲ. ವೀಸಾ, ಸ್ವೆಟರ್, ದಿವ್ಯಳ ಅಳು. ರಂಜಿತ ಹೋಗಿ ಎರಡು ವಾರ. ಹುಳಿ ಮಾಡಲು ಕಲಿತೆ. ದಿವ್ಯ ತಿನ್ನುತ್ತಾಳೆ, ಏನೂ ಅನ್ನುವುದಿಲ್ಲ.

ಈಗ ರಂಜಿತ ಫೋನ್ ಮಾಡಿದ್ದಾಳೆ. ಅಲ್ಲಿ ಬೆಳಗ್ಗೆ, ಕೆಲಸ ಶುರುವಾಗುವ ಮುಂಚೆ ಕ್ಯಾಂಟೀನು. ಮಾತಿನ ಮಧ್ಯೆ ಹಿಂದೆ ಒಬ್ಬ ಗಂಡಸು ನಕ್ಕ. ಹತ್ತಿರದಲ್ಲೇ. ಹಳೇ ನಾನಾಗಿದ್ದರೆ ಕಸ್ಟಮರ್ ಬಂದ್ರು ಅಂತ ಕಟ್ ಮಾಡಿ, ಒಂದು ವಾರ ಫೋನ್ ಎತ್ತುತ್ತಿರಲಿಲ್ಲ.

"ಯಾರದು ನಗ್ತಿರೋದು?" ಅಂದೆ.

"ಹೊಟ್ಟೆಕಿಚ್ಚಾ?"

ಕನ್ನಡದಲ್ಲೇ ಕೇಳಿದಳು. "ಹೂಂ" ಅಂದೆ.

"ತುಂಬಾನಾ?"

"ತುಂಬಾ ಕಣೆ."

"ಮತ್ತೆ ಇಷ್ಟು ದಿನ ಬಾಯ್ಬಿಟ್ಟು ಹೇಳೋಕೇನಾಗಿತ್ತು? ಇರಿ, ಫೋನ್ ಇಡ್ಬೇಡಿ. ಕಾಫಿ ತಗೊಂಡ್ ಬಂದು ಎಲ್ಲಾ ಹೇಳ್ತೀನಿ. ಅವ್ರು ಯಾರು, ಯಾಕೆ ನಕ್ರು, ಎಲ್ಲಾ. ನಂಗೂ ಕೇಳೋದಿದೆ ನಿಮ್ಮನ್ನ, ಬಹಳ."

ಹೋಗಿದ್ದಾಳೆ. ಲೈನ್ ಹಾಗೇ ಇದೆ. ಕಪ್ಪುಗಳ ಸದ್ದು, ಕುರ್ಚಿ ಎಳೆದ ಸದ್ದು. ಯಾರೋ ಏನೋ ಅನ್ನುತ್ತಿದ್ದಾರೆ, ನನಗೆ ಪೂರ್ತಿ ತಿಳಿಯುತ್ತಿಲ್ಲ. ಪಿಕಪ್ ಬಂತು, ಕ್ಯಾನ್ಸಲ್ ಮಾಡಿದೆ. ಅವಳು ಬರುವುದರೊಳಗೆ ಇಷ್ಟು ಬರೆದೆ. ಏನು ಕೇಳುತ್ತಾಳೋ. ಏನು ಕೇಳಿದರೂ ಈ ಸಲ ನಾನು —

ಬಂದಳು