ಶ್ರೀ ಅಳಿಸಿದರೆ ಬೀಳುವ ಬಟ್ಟಲು

ಶಿರಸಿ
೧೮ ಫೆಬ್ರವರಿ ೨೦೦೯

ಪ್ರೀತಿಯ ತಮ್ಮ ಆನಂದನಿಗೆ ಅಕ್ಕನ ಆಶೀರ್ವಾದ.

ಬೆಳಗಾವಿಯಲ್ಲಿ ನೀನೂ ನಿನ್ನ ಹೆಂಡತಿಯೂ ಆರೋಗ್ಯವೇ? ಆ ಹಾಳು ಕೆಮ್ಮು ಹೋಯಿತೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದನ್ನು ಬಿಟ್ಟು. ಕಾಗದದ ಮೇಲ್ಗಡೆ ಶ್ರೀ ಎಲ್ಲಿ ಎಂದು ಹುಡುಕಬೇಡ. ಸಿಟ್ಟಿಗೇ ಅದನ್ನು ಬಿಟ್ಟಿದ್ದೇನೆ. ಈ ತಿಂಗಳೆಲ್ಲ ಆ ಅಕ್ಷರ ನನ್ನ ಜೀವ ತಿಂದಿದೆ.

ಮನೆ ಬಿಡುವ ಮೊದಲು ನೀನು ಕಂಪ್ಯೂಟರಿನಲ್ಲಿ ಬಿಡಿಸಿಟ್ಟ ಪ್ಲಾಸ್ಟಿಕ್ ಬಟ್ಟಲು ನೆನಪಿದೆಯಲ್ಲ, ಜೇನುಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುವುದು? ಸಿದ್ದಾಪುರದ ಜೇನು ಸಾಕುವವರು ಮಳೆಗಾಲಕ್ಕೆ ಮೊದಲೇ ಬೇಕೆಂದು ಪಟ್ಟು ಹಿಡಿದಿದ್ದಾರೆ. ಈ ಸಲವೂ ಕೊಡದಿದ್ದರೆ ನಮ್ಮ ವರ್ಕ್‌ಶಾಪಿಗೆ ಬೀಗವೇ. ಅಚ್ಚು ಮಾಡುವ ಹುಬ್ಬಳ್ಳಿಯವರು ಕೇಳಿದ್ದು ಒಂದೇ: ಒಳಗೋಡೆಯ ಮೇಲೆ ಉಬ್ಬಿರುವ ಶ್ರೀ ತೆಗೆಯಿರಿ, ಇಲ್ಲದಿದ್ದರೆ ಬಟ್ಟಲು ಅಚ್ಚಿಗೇ ಸಿಕ್ಕಿಕೊಳ್ಳುತ್ತದೆ. ಇಷ್ಟೇ ತಾನೆ ಎಂದು ಅಳಿಸಿದೆ. ಗೋಡೆ ಹೋಯಿತು, ಅಂಚು ಹೋಯಿತು, ಜೇನು ಕೂರುವ ಮೆಟ್ಟಿಲುಗಳೂ ಹೋದವು, ಪರದೆ ತುಂಬ ಕೆಂಪು ಗುರುತು! ಪರೀಕ್ಷೆಯ ಪೇಪರಿನಲ್ಲಿ ಬರೆದ ಹಾಗೆ ಮೊದಲು ಶ್ರೀ ಬರೆದು, ಉಳಿದ ಅಳತೆಯನ್ನೆಲ್ಲ ಅದರಿಂದಲೇ ಹಿಡಿದಿದ್ದೀಯಲ್ಲೋ ಮಾರಾಯ! ನಮ್ಮ ಪ್ರೋಗ್ರಾಮೋ, ಏನು ಮುಟ್ಟಿದರೂ ಮೊದಲ ಗೆರೆಯಿಂದ ಒಪ್ಪಿಸು ಎನ್ನುತ್ತದೆ. ಥೇಟ್ ಅಪ್ಪನೇ. ನಿನ್ನ ಹೆಸರೆತ್ತಿದರೆ ಸಾಕು, "ಮದ್ಲು ಧಾರವಾಡಕ್ಕ ಯಾಕ ಹೋದ? ಅಲ್ಲಿ ಮನ್ಯಾಗ ಹೇಳದ ಲಗ್ನ ಯಾಕ ಆದ?" ಎಂದು ಬುಡದಿಂದ ಶುರು. ಅವ್ವ ಎದ್ದು ಒಳಗೆ ಹೋಗುತ್ತಾಳೆ. ನಿನಗೆ ಫೋನ್ ಮಾಡಿ ಮಾಡಿ ನನಗೂ ಸಾಕಾಯಿತು; ಎತ್ತಿದ್ದರೆ ನಿನ್ನ ಕೈ ಸವೆಯುತ್ತಿತ್ತೇ?

ಕಡೆಗೆ ಮೊನ್ನೆ ಅಪ್ಪನನ್ನು ಕರೆದುಕೊಂಡು ಹುಬ್ಬಳ್ಳಿಗೇ ಹೋದೆ. ಅಲ್ಲಿ ಬೇರೆ ಪ್ರೋಗ್ರಾಮ್ ಇದೆ. ಬಟ್ಟಲನ್ನು ಹೇಗೆ ಕಟ್ಟಿದರು, ಯಾವುದು ಮೊದಲು ಎಂಬ ಪುರಾಣ ಅದಕ್ಕೆ ಬೇಕಿಲ್ಲ; ಈಗಿರುವ ಆಕಾರವೇ ಸಾಕು. ಅಲ್ಲಿಯ ಡಿಸೈನರ್ ಹೆಂಗಸು ಶ್ರೀ ಅಳಿಸಿದರು, ಗೋಡೆ ತಾನೇ ಮುಚ್ಚಿಕೊಂಡಿತು, ಉಳಿದದ್ದು ಕದಲಲೇ ಇಲ್ಲ. ಖುಷಿಗಿಂತ ಮೊದಲು ನನಗೆ ಮೈಯೆಲ್ಲ ಉರಿಯಿತು. ನಾನು ಪಟ್ಟ ಪಾಡೆಲ್ಲ ದಂಡವಾಯಿತಲ್ಲ! ಅಪ್ಪ ಮಾತ್ರ ಅವರನ್ನು ಮತ್ತೆ ಮತ್ತೆ ಕೇಳಿದರು, "ಹಿಂದಿಂದು ಏನೂ ಕೇಳಂಗಿಲ್ಲೇನವಾ ಇದು?"

ಅಚ್ಚಿನ ಕೆಲಸ ಶುರುವಾಗಿದೆ. ನಿಮ್ಮಿಬ್ಬರಿಗೂ ಅವ್ವನ ಆಶೀರ್ವಾದ. ಕೆಮ್ಮಿಗೆ ಕಾಳುಮೆಣಸಿನ ಕಷಾಯ ಕುಡಿ, ಸಕ್ಕರೆ ಸುರಿದುಕೊಳ್ಳಬೇಡ.

ಸಿಟ್ಟಿಳಿಯದ ನಿನ್ನ ಅಕ್ಕ,
ಜ್ಯೋತಿ

ತಾ.ಕ.: ಕಾಗದ ಅಂಟಿಸುವಾಗ ಅಪ್ಪ ತಡೆದರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಇಬ್ರೂ ಬರ್ಲಿ. ಏನಾತು, ಹೆಂಗಾತು, ನಾ ಕೇಳಂಗಿಲ್ಲ." ಅಕಸ್ಮಾತ್ ಶುರು ಮಾಡಿದರೆ ಅಡ್ಡ ಬರಲು ನಾನಿದ್ದೇನೆ. ಯುಗಾದಿಗೆ ಬಂದುಬಿಡಿ.