ಹತ್ತು ಸಾವಿರದ ಮಿತಿ

ಮಾರ್ಚ್ ೧೧, ಬುಧವಾರ

ನಾಳೆ ಎಲ್ಲರೆದುರು ನಮ್ಮ ಪ್ರಾಜೆಕ್ಟ್ ತೋರಿಸಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಜೊತೆಗೆ ಪ್ರಾಜೆಕ್ಟ್ ಮಾಡುತ್ತಿರುವ ಚೈತನ್ಯಾಗೆ ಹೇಳಿಬಿಡಬೇಕೆಂದೇ ಬೆಳಿಗ್ಗೆ ರಿಪ್ಪನ್‌ಪೇಟೆಯಲ್ಲಿ ಬಸ್ ಹತ್ತಿದ್ದೆ. ಹೋದ ವಾರ ಪ್ರೊಸೆಸರಿನಂತೆಯೇ ಕೆಲಸ ಮಾಡುವ ಸಿಮ್ಯುಲೇಟರಿನಲ್ಲಿ ನನ್ನ ಪ್ರೋಗ್ರಾಮ್ ಸುತ್ತಿದಲ್ಲೇ ಸುತ್ತಿ ಲ್ಯಾಬಿನ ಕಂಪ್ಯೂಟರ್ ಹ್ಯಾಂಗ್ ಆಗಿತ್ತಲ್ಲ, ಕ್ಲಾಸಿನವರ ಆವತ್ತಿನ ನಗು ಇನ್ನೂ ಕಿವಿಯಲ್ಲಿದೆ. ಆರು ವರ್ಷ ಓದು ಬಿಟ್ಟವಳು ಮತ್ತೆ ಡಿಪ್ಲೊಮಾಗೆ ಸೇರಿದ್ದೇ ತಪ್ಪೇನೋ.

ಪ್ರೋಗ್ರಾಮ್ ಸುತ್ತುತ್ತಲೇ ಇದ್ದ ತಪ್ಪನ್ನು ತಿದ್ದಿದ್ದೆ. ಆದರೂ ಹೆದರಿಕೆಗೆ, ಹತ್ತು ಸಾವಿರ ಇನ್‌ಸ್ಟ್ರಕ್ಷನ್ ಅಂದರೆ ಅಷ್ಟು ಹೆಜ್ಜೆ ಆದ ಕೂಡಲೇ ನಿಲ್ಲುವಂತೆ ಮಿತಿ ಹಾಕಿದ್ದೆ. ಪ್ರತಿ ಸಲವೂ ಉತ್ತರ ಬರುವ ಮೊದಲೇ ನಿಲ್ಲುತ್ತಿತ್ತು. ಪ್ರೋಗ್ರಾಮೇ ಇನ್ನೂ ಸರಿಯಿಲ್ಲ ಅಂದುಕೊಂಡು ಒದ್ದಾಡಿದ್ದೇ ಒದ್ದಾಡಿದ್ದು.

ಇವತ್ತು ಲ್ಯಾಬಿನಲ್ಲಿ ಚೈತನ್ಯಾ ಅದನ್ನು ನೋಡಿ ನಕ್ಕಳು. "ಅಕ್ಕಾ, ಮಗು ಹೊಸ್ತಿಲು ದಾಟೋಕ್ ಮೊದ್ಲೇ ಎತ್ಕಂಡ್ರೆ ಅದು ನಡೆಯೋದ್ ಯಾವಾಗ? ಹತ್ತು ಲಕ್ಷ ಹಾಕಿ."

"ಮತ್ತೆ ಹ್ಯಾಂಗ್ ಆದ್ರೆ ಎಂತ ಮಾಡದು ಮಾರಾಯ್ತಿ?"

"ಹತ್ತು ಲಕ್ಷಕ್ಕೆ ನಿಲ್ಲತ್ತಲ್ಲ! ಲಿಮಿಟ್ ಇರೋದು ಅದ್ಕೇ ಅಲ್ವಾ?"

ಮಿತಿ ಬದಲಿಸಿ, ಕಣ್ಣು ಮುಚ್ಚಿಕೊಂಡೇ ರನ್ ಒತ್ತಿದೆ. ಮಿತಿ ಮುಟ್ಟುವುದಕ್ಕೆ ಎಷ್ಟೋ ಮೊದಲು, ಕೆಲಸ ಮುಗಿಸಿ ತಾನಾಗಿಯೇ ನಿಂತಿತು. ಉತ್ತರವೂ ಸರಿಯಿತ್ತು.

ಹೇಳಬೇಕೆಂದು ಹೋದದ್ದನ್ನು ಹೇಳಲಿಲ್ಲ. "ನಾಳೆ ನಾನೇ ತೋರಿಸ್ತೀನಿ ಕಣೇ" ಅಂದುಬಿಟ್ಟೆ. ಆಗಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ಕರೆಂಟ್ ಹೋದರೆ? ಸರ್ ಇಂಗ್ಲಿಷಿನಲ್ಲೇ ಕೇಳಿದರೆ? ಕೇಳಲಿ. ಗೊತ್ತಿದ್ದಷ್ಟು ಕನ್ನಡದಲ್ಲೇ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಯಾರೂ ನನ್ನನ್ನು ಕಾಲೇಜಿನಿಂದ ಓಡಿಸುವುದಿಲ್ಲವಲ್ಲ.