ಮಗ್ಗ ನಿಂತ ದಿನ

೮ ಫೆಬ್ರುವರಿ, ಶನಿವಾರ, ಸಂಜೆ

ದೀಪ ಹಚ್ಚುವ ಹೊತ್ತು. ಲಾಳಿ ತೆಗೆದು ಬೈಬಲ್ ಪೆಟ್ಟಿಗೆಯಲ್ಲಿಟ್ಟೆ. ನಮ್ಮಜ್ಜನ ಕಾಲದಿಂದ ಹೀಗೇ — ಸೋಮವಾರ ಬೆಳಗಿನ ತನಕ ಮಗ್ಗ ಮುಟ್ಟುವಂತಿಲ್ಲ. ನಾಳೆ ಗೋಡೆಯಾಚೆಯಿಂದ ಬುಡ್ಡೇಸಾಬಜ್ಜ ಕೂಗುತ್ತಾನೆ: "ಮಗ್ಗ ನಿಂತೈತಿ! ಐತವಾರ! ನನ್ನ ಗುಳಿಗಿ ಎಲ್ಲೈತಿ?" ಕಣ್ಣು ಕಾಣುವುದಿಲ್ಲ, ಪಾಪ. ಕೀಲುನೋವಿನ ಗುಳಿಗೆ, ವಾರಕ್ಕೊಂದೇ. ಇಡೀ ಬೆಟಗೇರಿಯಲ್ಲಿ ನನ್ನನ್ನು ಕ್ಯಾಲೆಂಡರ್ ಮಾಡಿಕೊಂಡವನು ಅವನೊಬ್ಬನೇ.

೧೫, ಶನಿವಾರ

ಅಜ್ಜನ ಸೊಸೆ ಅಮೀನಬಿ ಬಂದಿದ್ದಳು. ಮಗಳು ಕೌಸರಳ ಮದುವೆ ಮಂಗಳವಾರ, ಮುಂಡರಗಿಯಲ್ಲಿ. ಸೋಮವಾರ ಹೊರಡುತ್ತಾರೆ. ಅವಳ ಮದುವೆ ಸೀರೆ ಇನ್ನೂ ನನ್ನ ಮಗ್ಗದ ಮೇಲೆ. ಹೆಚ್ಚಿನ ಹೂವು ಹಾಕಿ ಜಂಬ ಮಾಡಿದ್ದು ನಾನೇ, ತಡವಾದದ್ದೂ ಅದಕ್ಕೇ.

"ಆಗದಿದ್ರ ಬ್ಯಾಡ್ರಿ ಅಣ್ಣಾರ. ನಿಮ್ಮ ಐತವಾರ ಕೆಡಿಸ್ಕೋಬ್ಯಾಡ್ರಿ," ಅಂದಳು. ಅವಳಿಗಿದ್ದ ಬುದ್ಧಿ ನನಗಿಲ್ಲ. ಆಗುತ್ತದೆ ಎಂದುಬಿಟ್ಟೆ.

ಲಾಳಿ ಪೆಟ್ಟಿಗೆಗೆ ಹೋಗಲಿಲ್ಲ. ಹೆಂಡತಿ ಸುಗುಣಾ ಮುಖ ಊದಿಸಿಕೊಂಡಿದ್ದಾಳೆ.

"ಸೋಮವಾರ ವಿಶ್ರಾಂತಿ ತಗೋತೇನಿ. ದೇವರಿಗೆ ಎಲ್ಲಾ ವಾರಾನೂ ಒಂದ."

"ದೇವರಿಗೆ ಒಂದ ಇರಬಹುದ್ರಿ. ನಿಮಗ?"

೧೬, ರವಿವಾರ

ಚರ್ಚಿನ ಗಂಟೆ ಕೇಳಿತು. ನೇಯುತ್ತಲೇ ಇದ್ದೆ. ಸುಗುಣಾ ಒಬ್ಬಳೇ ಹೋದಳು. ಸಂಜೆ ಐದಕ್ಕೆ ಸೀರೆ ಇಳಿಯಿತು. ಸೊಂಟ ಹೋಯಿತು. ಗೋಡೆಯಾಚೆ ಇಂದು ಯಾರೂ ಕೂಗಲಿಲ್ಲ. ಏಕೆಂದು ಯೋಚಿಸಲು ಪುರುಸೊತ್ತೂ ಇರಲಿಲ್ಲ.

೧೯, ಬುಧವಾರ

ಮೂರು ದಿನದಿಂದ ಮಲಗಿಯೇ ಇದ್ದೇನೆ. ಮಗ್ಗ ಸುಮ್ಮನಿದೆ; ನಾಳೆ ಕೂರಬೇಕು. ಅಜ್ಜನ ಊಟವನ್ನು ಎದುರುಮನೆಯ ಹನಮಂತವ್ವನಿಗೆ ಒಪ್ಪಿಸಿ ಎಲ್ಲರೂ ಮುಂಡರಗಿಗೆ ಹೋದರು. ಒಂದು ದಿನದ ಬದಲು ದೇವರಿಗೆ ಮೂರು ಕೊಟ್ಟೆನಲ್ಲ ಎಂದೆ. ಸುಗುಣಾ ನಗಲಿಲ್ಲ.

೨೨, ಶನಿವಾರ

ಬೆಳಿಗ್ಗೆ ಹನಮಂತವ್ವ ಓಡಿ ಬಂದಳು. "ಅಜ್ಜನ ಬಾಯಿ ತುಂಬ ಹುಣ್ಣ ಆಗ್ಯಾವ್ರಿ, ನೀರೂ ಇಳಿವಲ್ದು!" ಮೈ ಕಾದು ಕೆಂಡ. ಆಟೋ ಮಾಡಿ ಗದಗಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಗುಳಿಗೆಯ ಪಟ್ಟಿ ನೋಡಿ, ಅಜ್ಜನನ್ನೂ ಕೇಳಿ ಬೈದರು — ವಾರಕ್ಕೊಂದು ತಿನ್ನಬೇಕಾದದ್ದನ್ನು, ಹೆಚ್ಚಾದರೆ ವಿಷವಾಗುವುದನ್ನು, ಮೂರು ದಿನ ಸಾಲಾಗಿ ಯಾರು ಕೊಟ್ಟಿದ್ದು?

ಯಾರೂ ಕೊಟ್ಟಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಪಟ್ಟಿ ದಿಂಬಿನ ಬಳಿಯೇ ಉಳಿದಿತ್ತು, ತಾನೇ ತಿಂದಿದ್ದ. ಸೋಮವಾರ, ಮಂಗಳವಾರ, ಬುಧವಾರ. ಯಾಕೆ ಎಂದು ಅಜ್ಜನನ್ನು ಕೇಳಿದೆ.

"ಮಗ್ಗ ನಿಂತಿತ್ತಲ್ಲೋ ದೇವದಾನಾ."

"ಮೂರು ದಿನಾನೂ ಐತವಾರ ಹೆಂಗಾಗತೈತಿ ಅಜ್ಜಾ?"

"ನಂಗೂ ಅನುಮಾನ ಬಂತು. ಮುದುಕ ಆಗೇನಿ, ನನ್ನ ಲೆಕ್ಕಾನ ತಪ್ಪಿರಬೇಕು ಅಂದ್ಕೊಂಡೆ. ನೀ ತಪ್ಪಾಂವ ಅಲ್ಲ."

ಹೇಳಿದೆ. ಐತವಾರ ನೇಯ್ದೆ, ಆಮೇಲೆ ಮಲಗಿದೆ ಎಂದು. ಅಜ್ಜ ಗೋಡೆಯ ಕಡೆ ಹೊರಳಿದ. ಬೈದಿದ್ದರೆ ಚೆನ್ನಾಗಿತ್ತು.

೨೩, ರವಿವಾರ, ಮಧ್ಯಾಹ್ನ, ಆಸ್ಪತ್ರೆ

ರಕ್ತ ಬಹಳ ಇಳಿದಿದೆಯಂತೆ. ಎರಡು ದಿನ ಕಳೆಯಬೇಕು, ಆಮೇಲೆ ಹೇಳುತ್ತೇನೆ ಎಂದರು ಡಾಕ್ಟರು. ಲಾಳಿ ನಿನ್ನೆ ಪೆಟ್ಟಿಗೆ ಸೇರಿದೆ. ನನ್ನ ವಿಶ್ರಾಂತಿ ನನ್ನದೊಂದೇ ಎಂದುಕೊಂಡಿದ್ದೆ, ಮೂರ್ಖ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮಗ್ಗದ ಸದ್ದೇ ಕೇಳುತ್ತದೆ.

ಈಗಷ್ಟೇ ಅಜ್ಜ ಎಚ್ಚರಾದ. "ಇವತ್ತ ಯಾವ ವಾರೋ?"

"ಐತವಾರ, ಅಜ್ಜಾ."

ನನ್ನ ಕೈ ತಡಕಿ ಹಿಡಿದು, "ಖರೇನ?" ಎಂದ.

ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಕೇಳಿದವನಲ್ಲ. ಹೊರಗೆ ಅಮೀನಬಿಯ ದನಿ... ಮುಂಡರಗಿಯಿಂದ ಬಂದಳು. ಅಣ್ಣಾರು ಇದ್ದದ್ದಕ್ಕೆ ಮಾವ ಉಳಿದ ಎನ್ನುತ್ತಿದ್ದಾಳೆ ಹನಮಂತವ್ವನಿಗೆ. ಎದ್ದು ಹೋಗಿ ಅವಳಿಗೆ ನಾನೇ ನಿಜ ಹೇಳಬೇಕು —